ಶನಿವಾರದ ಕೊಳ್ಳಿದೆವ್ವ

ವಾಕಡ್‌ನ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಊಟದ ಮೇಜು ನಮಗೆ ಸಿಗುವುದಿಲ್ಲ. ಮಗಳು ಮತ್ತು ಅವಳ ನಾಲ್ವರು ಕಾಲೇಜು ಗೆಳೆಯರು ಅದರ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದಕ್ಕೆ ಕಂಪ್ಯೂಟರ್ ಬೇಡ. ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡುತ್ತಾರೆ, ಮಾಡಹೊರಟದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಾಳಮದ್ದಳೆಗೆ ಪಗಡೆ ಸೇರಿಸಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದರಂತೆ.

ನಮ್ಮ ಮನೆಯ ಭಾಗವತ ನನ್ನ ಮಗಳು. ಏಪ್ರಿಲ್‌ನಲ್ಲಿ ಒಂದು ದಿನ ಬಂದು, “ಅಪ್ಪಾ, ಜೌಗಲ್ಲಿ ಇರೋ ಒಂದು ರಾಕ್ಷಸ ಬೇಕು. ಮನುಷ್ಯರನ್ನ ಬೇಟೆ ಆಡಬೇಕು. ಪುಸ್ತಕದಲ್ಲಿ ಇರೋದೆಲ್ಲ ಇವರಿಗೆ ಬಾಯಿಪಾಠ ಆಗಿದೆ” ಎಂದಳು.

ಪುಸ್ತಕ ನೋಡಿದೆ. ಜೌಗಿನಲ್ಲಿ ವಾಸಿಸುವ ಕಪ್ಪು ಡ್ರ್ಯಾಗನ್ ಇತ್ತು, ಎದ್ದು ನಡೆಯುವ ಕೊಳೆತ ಸೊಪ್ಪಿನ ಗುಡ್ಡೆ ಇತ್ತು. ಇನ್ನೊಂದು ಪುಟದಲ್ಲಿ ಬರೀ ಬೆಳಕಿನ ಉಂಡೆ: ವಿಲ್-ಓ-ವಿಸ್ಪ್. ದಾರಿಹೋಕನನ್ನು ದೀಪದಂತೆ ಕರೆದೊಯ್ದು ಕೆಸರಿಗೆ ಇಳಿಸುತ್ತದೆ, ಅವನ ಸಂಕಟವೇ ಅದಕ್ಕೆ ಊಟ. “ಇದು ನಮ್ಮ ಕೊಳ್ಳಿದೆವ್ವ ಕಣೇ!” ಎಂದು ನಾನು ಕೂಗಿದ್ದಕ್ಕೆ ಅಡುಗೆಮನೆಯಿಂದ ಇವಳು ಓಡಿ ಬಂದಳು.

ನನ್ನೂರು ಸಿದ್ದಾಪುರ ತಾಲ್ಲೂಕಿನಲ್ಲಿದೆ. ಜೌಗಿಗೆ ನಮ್ಮ ಕಡೆ ‘ಜಡ್ಡಿ’ ಎನ್ನುತ್ತೇವೆ. ಮನೆಯ ಹಿಂದಿನ ಕಾನಿನ ಬುಡದಲ್ಲಿ ಒಂದು ರಾಮಪತ್ರೆ ಜಡ್ಡಿ ಇತ್ತು. ರಾಮಪತ್ರೆ ಜಾಯಿಕಾಯಿಯ ಕುಲದ ಮರ. ಕೆಸರಿನಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲವೆಂದು ಬೇರುಗಳು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ ಮತ್ತೆ ಒಳಗೆ ಹೋಗುತ್ತವೆ. ಸಂಜೆಗತ್ತಲಲ್ಲಿ ನೋಡಿದರೆ ನೂರಾರು ಜನ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತಂತೆ ಕಾಣುತ್ತದೆ. ಈಗ ನೋಡಬೇಕೆಂದರೆ ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನಿಗೆ ಹೋಗಬೇಕು. ಪುಣೆಯಲ್ಲಿರುವ ನಮಗೆ ಇನ್ನೂ ಹತ್ತಿರದ್ದೆಂದರೆ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲ್ಲೂಕಿನ ಬಾಂಬರ್ಡೆ. ದೇವರ ಕಾಡೆಂಬ ಕಾರಣಕ್ಕೆ ಅಲ್ಲಿಯದು ಉಳಿದುಕೊಂಡಿದೆ.

ಅಜ್ಜ ಒಮ್ಮೆ ಯಕ್ಷಗಾನ ಮುಗಿಸಿ ಒಬ್ಬನೇ ಬರುವಾಗ ಜಡ್ಡಿಯ ಆಚೆ ಯಾರೋ ಸೂಡಿ ಹಿಡಿದು ಹೋಗುವುದು ಕಂಡಿತಂತೆ. ಪಕ್ಕದ ಮನೆಯವನೆಂದು ಹಿಂದೆ ಹೋದ. ಇವನು ನಿಂತರೆ ಅದೂ ನಿಲ್ಲುತ್ತಿತ್ತು. ತೊಡೆಯವರೆಗೆ ಕೆಸರು ಬಂದಮೇಲೆ ಎಚ್ಚರವಾಗಿ, ಒಂದು ಬೇರಿನ ಮೇಲೆ ಹತ್ತಿ ಬೆಳಗಾಗುವವರೆಗೆ ಕೂತನಂತೆ. “ಕೊಳ್ಳಿದೆವ್ವ ಕೊಲ್ಲೂದಿಲ್ಲ, ನಡೆಸ್ತದೆ. ನೀ ನಡೀದೇ ಇದ್ರೆ ಅದ್ರ ಕೈಲಿ ಏನೂ ಆಗೂದಿಲ್ಲ” ಎನ್ನುತ್ತಿದ್ದ. ನಾವು ಮಕ್ಕಳು ಹೊತ್ತು ಮುಳುಗಿದ ಮೇಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಮರ ಕಡಿಯುವವರೂ ಅಷ್ಟೆ.

ಅದೇನು ಬೆಳಕು? ನೀರಿನಡಿ ಗಾಳಿಯಿಲ್ಲದೆ ಕೊಳೆಯುವ ಎಲೆಯಿಂದ ಮೀಥೇನ್ ಹುಟ್ಟುತ್ತದೆ. 1776ರಲ್ಲಿ ಇಟಲಿಯ ವೋಲ್ಟಾ ಮಜೋರೆ ಸರೋವರದ ಜೌಗಿನಲ್ಲಿ ಗುಳ್ಳೆಗಳನ್ನು ಹಿಡಿದು ಆ ಅನಿಲ ಉರಿಯುವುದನ್ನು ತೋರಿಸಿದ. ಆದರೆ ಅದು ಜೌಗಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದು ಹೇಗೆ ಎಂಬ ವಾದ ಇನ್ನೂ ಮುಗಿದಿಲ್ಲ. ಮಳೆಗಾಲದಲ್ಲಿ ಪುಣೆಯ ಜನ ಭೀಮಾಶಂಕರದ ಕಾಡಿಗೆ ನೋಡಲು ಹೋಗುತ್ತಾರಲ್ಲ, ಕೊಳೆತ ಕಟ್ಟಿಗೆಯ ಮೇಲಿನ ಹಸಿರು ಹೊಳಪು, ಅದು ಬೇರೆ. ಅದು ಶಿಲೀಂಧ್ರದ್ದು, ಎದ್ದು ನಡೆಯುವುದಿಲ್ಲ.

ಮಗಳು ಅಜ್ಜನ ಮಾತನ್ನೇ ನಿಯಮ ಮಾಡಿದಳು. ಅವಳ ಕೊಳ್ಳಿದೆವ್ವಕ್ಕೆ ಉಗುರಿಲ್ಲ, ಹಲ್ಲಿಲ್ಲ, ಕತ್ತಿ ತಾಗುವುದಿಲ್ಲ. ಪ್ರತಿ ಸರದಿಯಲ್ಲೂ ಆಟಗಾರ ದಾಳ ಹಾಕಬೇಕು. ಸೋತರೆ ಬೆಳಕಿನ ಕಡೆಗೆ ಹತ್ತು ಹೆಜ್ಜೆ. ಗೆಲ್ಲಲು ಇರುವುದು ಒಂದೇ ಉಪಾಯ, ಕೂತುಬಿಡುವುದು.

ಶನಿವಾರ ನಾನು ಅವಲಕ್ಕಿ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡೆ. ಸಾತಾರಾದ ಹುಡುಗ ಅರ್ಧ ಗಂಟೆಯಲ್ಲೇ “ಅರೆ, ಹಾ ತರ್ ಚಕವಾ!” ಎಂದ. ಕತ್ತಲಲ್ಲಿ ಸುತ್ತಿಸಿದ್ದಲ್ಲೇ ಸುತ್ತಿಸುವ ಅವರೂರಿನ ದೆವ್ವ ಅದು. ಆದರೂ ಕೂರುವುದು ಯಾರಿಗೂ ಹೊಳೆಯಲಿಲ್ಲ. ಇಬ್ಬರು ಸೊಂಟದವರೆಗೆ ಮುಳುಗಿದ ಮೇಲೆ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗಿ ಹೇಳಿದಳು, “ದೆವ್ವದ ಜೊತೆ ಜಗಳ ಯಾಕೆ? ಊರವರನ್ನ ಕರೆಸಿ ಕಾಲುವೆ ತೋಡೋಣ. ಜೌಗೇ ಇಲ್ಲದಿದ್ರೆ ಅದು ಎಲ್ಲಿರತ್ತೆ?” ದಾಳ ಹಾಕಿದಳು. ಹದಿನೆಂಟು. ಬೆಳಕು ಆರಿತು. ಎಲ್ಲರೂ ಚಪ್ಪಾಳೆ ಹೊಡೆದರು.

ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮತ್ತು ಚಿಕ್ಕಪ್ಪ ಮಾಡಿದ್ದೂ ಇದನ್ನೇ. ಕಾಲುವೆ ತೋಡಿ ನೀರು ಬಸಿದರು, ಮರ ಉರುಳಿಸಿದರು, ಅಡಿಕೆ ಸಸಿ ನೆಟ್ಟರು. ಆ ತೋಟದ ದುಡ್ಡಿನಲ್ಲೇ ನಾನು ಓದಿ ಪುಣೆಗೆ ಬಂದದ್ದು. ಸ್ಪಂಜಿನಂತೆ ಮಳೆನೀರು ಹಿಡಿದು ನಿಧಾನವಾಗಿ ಬಿಡುತ್ತಿದ್ದ ಜಡ್ಡಿ ಹೋದಮೇಲೆ, ಮೇ ತಿಂಗಳವರೆಗೂ ಹರಿಯುತ್ತಿದ್ದ ಕೆಳಗಿನ ಹಳ್ಳ ಶಿವರಾತ್ರಿಗೇ ಒಣಗತೊಡಗಿತು. ಕೊಳ್ಳಿದೆವ್ವದ ಮಾತು ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.

ಆ ರಾತ್ರಿ ಇದನ್ನು ಮಗಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮುಂದಿನ ಶನಿವಾರ ಅವಳ ಕಥೆಯ ಊರಿನಲ್ಲಿ ಬಾವಿಗಳು ಬತ್ತಿದವು. ಆಟಗಾರರು ಕಂಗಾಲಾಗಿ ಜೌಗನ್ನು ಮತ್ತೆ ತರುವುದು ಹೇಗೆಂದು ಕೇಳಿದರು. ಅವಳು ಅಡುಗೆಮನೆಗೆ ಬಂದು ನನ್ನನ್ನು ಕೇಳಿದಳು. ರಾಮಪತ್ರೆ ಬೀಜ ಒಣಗಿದರೆ ಹುಟ್ಟುವುದಿಲ್ಲ, ಒದ್ದೆ ನೆಲವೇ ಬೇಕು, ಮೊದಲು ಕಾಲುವೆ ಮುಚ್ಚಬೇಕು ಎಂದೆ. ಎಷ್ಟು ವರ್ಷ ಬೇಕು ಎಂದಳು. ಚಿಕ್ಕಪ್ಪನಿಗೆ ಫೋನ್ ಮಾಡಿದೆ.

“ಆ ಕಾಲುವೆ ಹೇಗಿದೆ ಚಿಕ್ಕಪ್ಪ?”

“ಹೂಳು ತುಂಬಿದೆ ಮಾರಾಯ. ಮೇಲ್ಗಡೆ ಆಗ್ಲೇ ನೀರು ನಿಲ್ತಾ ಇದೆ. ಮಳೆಗಾಲ ಬರೋದ್ರೊಳಗೆ ತೆಗೆಸ್ಬೇಕು. ಯಾಕೆ?”

ತೆಗೆಸಬೇಡಿ ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಕೇಳಿದೆ ಎಂದೆ. ಮಗಳು ಬಾಗಿಲಲ್ಲಿ ದಾಳ ಹಿಡಿದು ನಿಂತಿದ್ದಳು.