ಇಂಗ್ಲಿಷಿನ ಮೂಕಾಕ್ಷರಗಳು

ಮಠದ ಪಾಠಶಾಲೆಯಲ್ಲಿ ಐದು ವರ್ಷ ಸಂಸ್ಕೃತ ವ್ಯಾಕರಣವನ್ನು ಅಭ್ಯಸಿಸಿದ ಬಳಿಕ ನಾನು ಇಂಗ್ಲಿಷಿಗೆ ಕೈಹಾಕಿದೆ. ಆಗ ನನಗೆ 18ರ ಪ್ರಾಯ. ಚಾಕುವಿನ ಇಂಗ್ಲಿಷ್ ಪದವನ್ನು, ಬರೆದಿದ್ದಂತೆಯೇ, ‘ಕ್ನೈಫ್’ ಎಂದು ಓದಿದೆ. ತರಗತಿಯೆಲ್ಲ ನಕ್ಕಿತು, ಪಾಠ ಹೇಳುತ್ತಿದ್ದವರೂ ನಕ್ಕರು. ಆ ವರ್ಷವಿಡೀ ನಾನು ಗಟ್ಟಿಯಾಗಿ ಇಂಗ್ಲಿಷ್ ಓದಲಿಲ್ಲ. ಮೊನ್ನೆ ನಾಲ್ಕನೆಯ ತರಗತಿಯ ಮೊಮ್ಮಗಳು ಅದೇ ಪದಕ್ಕೆ ಎಡವಿ, ಅತ್ತು, ಪುಸ್ತಕ ಮುಚ್ಚಿಟ್ಟಳು. ತಾಯ್ತಂದೆಗಳಿಗೆ ನಾಲ್ಕು ಮಾತು ಹೇಳಬೇಕೆನಿಸಿದ್ದು ಆಗಲೇ.

ನಮ್ಮಿಬ್ಬರ ಅಪರಾಧವಾದರೂ ಏನು? ಸುಮಾರು ಆರುನೂರು ವರ್ಷ ತಡವಾಗಿ ಹುಟ್ಟಿದ್ದು! ಚಾಸರ್ ಕವಿಯ ಕಾಲದ ಇಂಗ್ಲಿಷರು ಆ ‘ಕೆ’ ಅಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು.

ಐದನೆಯ ಶತಮಾನದಲ್ಲಿ ಇಂದಿನ ಡೆನ್ಮಾರ್ಕ್ ಹಾಗೂ ಉತ್ತರ ಜರ್ಮನಿಯ ಕರಾವಳಿಯಿಂದ ಆಂಗಲ್, ಸ್ಯಾಕ್ಸನ್, ಜ್ಯೂಟ್ ಜನಾಂಗಗಳು ಬ್ರಿಟನ್ನಿಗೆ ಬಂದು ನೆಲೆಸಿದವು. ಅವರ ಆಡುನುಡಿಯೇ ಇಂಗ್ಲಿಷಿನ ಬೇರು. ಅದು ಸಂಸ್ಕೃತದ ದೂರದ ದಾಯಾದಿ. ಪಿತೃ–ಫಾದರ್, ಭ್ರಾತೃ–ಬ್ರದರ್, ನಾಮ–ನೇಮ್, ಇವು ಕಾಕತಾಳೀಯವಲ್ಲ. ನಮ್ಮ ಕನ್ನಡ ಆ ಮನೆತನದ್ದಲ್ಲ, ದ್ರಾವಿಡ ವಂಶದ್ದು. ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಡುವ ನಮ್ಮ ಮಕ್ಕಳಿಗೆ ಇಂಗ್ಲಿಷಿನ ಪದಕ್ರಮ ತಿರುವುಮುರುವಾಗಿ ತೋರುತ್ತದೆ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಹೊಳೆಯಾಗಿ ಹರಿದುಬಂದವು. ನಮ್ಮ ಹಳ್ಳಿಗರೂ ಬಲ್ಲ ‘ಕೋರ್ಟು’, ‘ಜಡ್ಜು’ ಆ ಕಡೆಯವೇ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದನು. ಅಚ್ಚಿನ ಮೊಳೆಗಳು ಕ್ರಮೇಣ ಕಾಗುಣಿತವನ್ನು ಕಟ್ಟಿಹಾಕಿದವು, ನಾಲಿಗೆಯನ್ನು ಕಟ್ಟುವವರಾರು? ಅದೇ ಶತಮಾನಗಳಲ್ಲಿ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟಗೊಂಡವು, ‘ಎನ್’ ಹಿಂದಿನ ‘ಕೆ’ ಮೂಕವಾಯಿತು. ಸಾಲದುದಕ್ಕೆ ಪಂಡಿತರೂ ಕೈಯಾಡಿಸಿದರು. ಸಾಲವೆಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಅದನ್ನು ತುರುಕಿದರು. ಪಾಂಡಿತ್ಯದ ಆ ಸಾಲವನ್ನು ಮಕ್ಕಳು ಇಂದಿಗೂ ತೀರಿಸುತ್ತಿದ್ದಾರೆ.

ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವೊಂದಿತ್ತಷ್ಟೆ. ನಾಲಿಗೆಯಿಂದ ಆ ಧ್ವನಿ ಜಾರಿದ ಮೇಲೆ ಬರಹದಿಂದಲೂ ಅದು ಮರೆಯಾಗಿ, ‘ಏೞು’ ಎಂಬುದು ‘ಏಳು’ ಆಯಿತು. ಇಂಗ್ಲಿಷರು ಧ್ವನಿಯನ್ನು ಬಿಟ್ಟರು, ಅಕ್ಷರವನ್ನು ಬಿಡಲಿಲ್ಲ. ಬರೆದಂತೆ ಓದುವುದೇ ಧರ್ಮವೆಂದು ಕನ್ನಡದಿಂದ ಕಲಿತ ಮಗು ಅಲ್ಲಿ ಮುಗ್ಗರಿಸಿದರೆ ಅದು ದಡ್ಡತನವಲ್ಲ, ಕಲಿತದ್ದಕ್ಕೆ ನಿಷ್ಠೆ.

ಆದುದರಿಂದ ಮೊದಲು ಕಿವಿಗೆ ಕೇಳಿಸಿ, ಆಮೇಲೆ ಕಣ್ಣಿಗೆ ತೋರಿಸಿರಿ. ಉಚ್ಚರಿಸಿ ತೋರಿಸುವ ನಿಘಂಟುಗಳು ಈಗ ಮೊಬೈಲಿನಲ್ಲೇ ಇವೆ. ನಮ್ಮ ಕಾಲದಲ್ಲಿ ಆ ಭಾಗ್ಯವಿರಲಿಲ್ಲ. ಗಟ್ಟಿಯಾಗಿ ಓದುವಾಗ ತಪ್ಪಿದರೆ ನಗಬೇಡಿರಿ; ವಾಕ್ಯ ಮುಗಿದ ಮೇಲೆ ತಿದ್ದಿರಿ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಜರ್ಮನಿಯ ಮಕ್ಕಳು ಮೊಣಕಾಲಿಗೆ ಇಂದಿಗೂ ‘ಕ್ನೀ’ ಎನ್ನುತ್ತಾರೆಂದೆ. ಅವಳು ಕಣ್ಣೊರೆಸಿಕೊಂಡು, ‘ಹಾಗಾದರೆ ಅಲ್ಲಿ ನಾನು ಸರಿಯೇ?’ ಎಂದು ಕೇಳಿ, ಪುಸ್ತಕವನ್ನು ಮತ್ತೆ ತೆರೆದಳು.