ಚರ್ಮಕ್ಕೂ ಯಂತ್ರಕ್ಕೂ ನಡುವೆ ಒಂದಿಷ್ಟು ಲೋಳೆ

ಮೈಗೆ ತೊಡುವ ಆರೋಗ್ಯ ಸಾಧನಗಳ ಮಾತು ಬಂದರೆ ಚಿಪ್, ಬ್ಯಾಟರಿ, ಆ್ಯಪ್‌ಗಳಿಗೇ ಎಲ್ಲ ಮನ್ನಣೆ. ಆದರೆ ಅವು ಕೊಡುವ ಲೆಕ್ಕವನ್ನು ಎಷ್ಟು ನಂಬಬಹುದು ಎಂಬುದು ಅವು ಚರ್ಮಕ್ಕೆ ತಾಗುವ ಜಾಗದಲ್ಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಹೃದಯದ ವಿದ್ಯುತ್ತೆಂದರೆ ಸೋಡಿಯಂ, ಪೊಟ್ಯಾಶಿಯಂ ಅಯಾನುಗಳ ಓಡಾಟ. ತಂತಿಯೊಳಗೆ ಓಡುವುದು ಎಲೆಕ್ಟ್ರಾನು. ಇಸಿಜಿ ತೆಗೆಯುವಾಗ ಎದೆಗೆ ತಾಗುವ ತಣ್ಣನೆಯ ಜೆಲ್ ಈ ಎರಡರ ನಡುವಿನ ದುಭಾಷಿ. ಮೈ ಅಲುಗಿ ಅದು ಸರಿದರೆ, ಗೆರೆಯ ಏರಿಳಿತ ಹೃದಯದ್ದೋ ಚರ್ಮದ್ದೋ ತಿಳಿಯುವುದು ಕಷ್ಟ.

ಈ ಕಾರಣಕ್ಕೇ ಹಾರ್ವರ್ಡ್‌ನ ಜಿಯಾನ್ಯು ಲಿ, ಡೇವಿಡ್ ಮೂನಿ ಮತ್ತು ಸಂಗಡಿಗರು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ಅಂಟು ಇಂದಿಗೂ ಬೆರಗು ಹುಟ್ಟಿಸುತ್ತದೆ. ಗಾಯ, ಶಸ್ತ್ರಚಿಕಿತ್ಸೆಗಳ ಜೊತೆಗೆ ತೊಡುವ ಸಾಧನಗಳಿಗೂ ಅದರ ಪಾಠ ಸಲ್ಲುತ್ತದೆ. ಅದರ ಗುರು ಏರಿಯನ್ ಸಬ್‌ಫಸ್ಕಸ್ ಎಂಬ ಚಿಪ್ಪಿಲ್ಲದ ಬಸವನಹುಳು. ಹೆದರಿದಾಗ ಅದು ಸುರಿಸುವ ಲೋಳೆ ಒದ್ದೆ ಜಾಗಕ್ಕೂ ಕಚ್ಚಿಕೊಳ್ಳುತ್ತದೆ. ತಿನ್ನಬಂದ ಪ್ರಾಣಿಗೆ ಅದನ್ನು ಕೀಳುವುದು ಸುಲಭವಲ್ಲ. ಬಹುಪಾಲು ನೀರೇ ಆದ ವಸ್ತುವಿಗೆ ಈ ಹಿಡಿತ ಎಲ್ಲಿಂದ ಬಂತು? ಅಲ್ಲಿ ಕೆಲಸ ಹಂಚಿಹೋಗಿದೆ: ಧನ ವಿದ್ಯುದಂಶದ ಪ್ರೋಟೀನುಗಳು ಅಂಟುತ್ತವೆ, ಅವನ್ನು ಹೊತ್ತ ಜಾಲ ಎಳೆತವನ್ನು ನುಂಗುತ್ತದೆ. ಸಂಶೋಧಕರು ಹುಳುವಿನ ಲೋಳೆ ತೆಗೆದುಕೊಳ್ಳಲಿಲ್ಲ, ಅದರ ಉಪಾಯ ತೆಗೆದುಕೊಂಡರು. ಅಂಟಲು ಸಿಗಡಿ ಚಿಪ್ಪಿನಿಂದ ಸಿಗುವ ಕೈಟೊಸಾನ್‌ನಂಥ ಪಾಲಿಮರ್. ಜಾಲಕ್ಕೆ ಕಡಲಪಾಚಿಯ ಆಲ್ಜಿನೇಟ್, ಜೊತೆಗೆ ಪಾಲಿಅಕ್ರಿಲಮೈಡ್. ಎಳೆದಾಗ ಆಲ್ಜಿನೇಟಿನ ಕ್ಯಾಲ್ಸಿಯಂ ಬೆಸುಗೆಗಳು ಒಂದೊಂದಾಗಿ ಬಿಟ್ಟುಕೊಡುತ್ತವೆ, ಇನ್ನೊಂದು ಜಾಲ ಹರಿಯದೆ ನಿಲ್ಲುತ್ತದೆ. ಇದೇ ಜೋಡಿಯ ಜೆಲ್ 2012ರಲ್ಲೇ ತನ್ನ ಉದ್ದದ 20 ಪಟ್ಟು ಹಿಗ್ಗಿ ತೋರಿಸಿತ್ತು. ಹೊಸ ಅಂಟು ರಕ್ತ ಮೆತ್ತಿದ ಹಂದಿಯ ಹೃದಯವನ್ನೂ ಹಿಡಿದು ನಿಂತಿತು.

ನೀರಿನ ವಸ್ತು ಒಣಗುವುದಿಲ್ಲವೇ? ಒಣಗುತ್ತದೆ; ಆಕ್ಷೇಪ ನ್ಯಾಯವಾದದ್ದೇ. ಅದಕ್ಕೊಂದು ಉತ್ತರ 2022ರಲ್ಲಿ ಎಂಐಟಿಯ ಶುವಾನ್ಹೆ ಝಾವೊ ತಂಡದಿಂದ ಬಂತು. ಜೆಲ್ ಅನ್ನು ರಬ್ಬರಿನಂಥ ತೆಳುಪೊರೆಯಲ್ಲಿ ಮುಚ್ಚಿದ, ಅಂಚೆಚೀಟಿ ಗಾತ್ರದ ಅಲ್ಟ್ರಾಸೌಂಡ್ ಪಟ್ಟಿ 48 ಗಂಟೆ ಕಾಲ ಒಳಅಂಗಗಳ ಚಿತ್ರ ಕೊಟ್ಟಿತು. ಅದನ್ನು ದೊಡ್ಡ ಯಂತ್ರಕ್ಕೆ ತಂತಿಯಿಂದ ಜೋಡಿಸಬೇಕಿತ್ತು ಎಂಬುದೂ ನಿಜ; ಆದರೆ ಆ ಕೊರತೆ ಜೆಲ್‌ನದಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ಅಷ್ಟು ಬಿಗಿಯಾಗಿ ಅಂಟಿದ್ದನ್ನು ಕಿತ್ತರೆ ವೃದ್ಧರ ತೆಳು ಚರ್ಮದ ಗತಿಯೇನು? ಅಡುಗೆ ಸೋಡಾ ಮತ್ತು ಗ್ಲುಟಾಥಯೋನ್ ಕರಗಿಸಿದ ದ್ರಾವಣ ಸೋಕಿದರೆ ಹಿಡಿತ ಸಡಿಲಿಸುವ ಅಂಟನ್ನು ಅದೇ ತಂಡ 2020ರಲ್ಲಿ ಅಂಗಾಂಶಗಳಿಗಾಗಿ ರೂಪಿಸಿತು. ಹಿಡಿಯುವುದೂ ಬಿಡುವುದೂ ಒಂದೇ ವಸ್ತುವಿಗೆ ಸಾಧ್ಯ ಎಂದಾಯಿತು. ಆದ್ದರಿಂದ ಅಂಟಿನ ಬಲವನ್ನಷ್ಟೇ ಅಳೆದರೆ ಅರ್ಧ ಪರೀಕ್ಷೆ. ಬೆವರಿದ, ಸುಕ್ಕುಗಟ್ಟಿದ ಚರ್ಮದ ಮೇಲೆ ದಿನವಿಡೀ ಕೂತು, ಸಂಜೆ ನೋವಿಲ್ಲದೆ ಬಿಟ್ಟು ಬಂದಾಗಲೇ ಉಳಿದರ್ಧವೂ ಮುಗಿದಂತೆ.