ಉರುಳುವ ಬ್ಲೇಡು, ಉಳಿಯಬೇಕಾದ ಬೆರಳು

ಜಯನಗರ 4ನೇ ಬ್ಲಾಕಿನಂಥ ಕಡೆ ಮ್ಯಾಚಿಂಗ್ ಸೆಂಟರಿನಲ್ಲಿ ಕಾಟನ್ ಬಟ್ಟೆ ಅಳೆದುಕೊಡುವವರು ಕತ್ತರಿಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಅಂಚಿಗೆ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿದುಬಿಡುತ್ತಾರೆ. ಬಟ್ಟೆ ನೂಲಿನಗುಂಟ ನೇರವಾಗಿ ಸೀಳುತ್ತದೆ. ರವಿಕೆಗೆ, ಲೈನಿಂಗಿಗೆ ಅಷ್ಟು ಸಾಕು. ಆದರೆ ಅದೇ ಬಟ್ಟೆಯಿಂದ ಚೌಕಗಳನ್ನು ಮಾಡಿ ಕ್ವಿಲ್ಟ್ ಹೊಲಿಯಹೊರಟವರಿಗೆ ಹರಿದ ಅಂಚು ಕೈಕೊಡುತ್ತದೆ. ಎಳೆತಕ್ಕೆ ಸಿಕ್ಕಿ ಅಂಚು ಸುಕ್ಕಾಗಿರುತ್ತದೆ, ನೂಲು ಬಿಟ್ಟುಕೊಂಡಿರುತ್ತದೆ. ಕ್ವಿಲ್ಟಿನ ಹೊಲಿಗೆಗೆ ಬಿಡುವ ಮಾರ್ಜಿನ್ ಬರೀ ಕಾಲಿಂಚು. ಪ್ರತಿ ತುಂಡೂ ಇಂಚಿನ ಹದಿನಾರನೇ ಒಂದು ಭಾಗದಷ್ಟು ದೊಡ್ಡದಾದರೆ ಸಾಕು, 20 ತುಂಡುಗಳ ಸಾಲು ಮುಗಿಯುವಷ್ಟರಲ್ಲಿ ಲೆಕ್ಕ ಒಂದೂಕಾಲು ಇಂಚು ತಪ್ಪಿರುತ್ತದೆ.

ಈ ತೊಂದರೆಗೆ ಬಂದ ಉಪಾಯವೇ ರೋಟರಿ ಕಟ್ಟರ್: ಹಿಡಿಯ ತುದಿಯಲ್ಲಿ ತಿರುಗುವ ದುಂಡನೆಯ ಬ್ಲೇಡ್, ಪಿಜ್ಜಾ ಕತ್ತರಿಸುವ ಚಕ್ರದ ಹಾಗೆ. ಕತ್ತರಿ ಬಟ್ಟೆಯನ್ನು ಮೇಲೆತ್ತಿ ಕತ್ತರಿಸುತ್ತದೆ, ಹಾಗಾಗಿ ಪದರಗಳು ಜರುಗುತ್ತವೆ. ಈ ಚಕ್ರ ಬಟ್ಟೆಯನ್ನು ಇದ್ದಲ್ಲೇ ಒತ್ತಿ ಕತ್ತರಿಸುತ್ತದೆ. ಜಪಾನಿನ ಒಸಾಕಾದ ಓಲ್ಫಾ ಕಂಪನಿ ಇದನ್ನು 1979ರಲ್ಲಿ ಹೊರತಂದಿತು. ಮೊಂಡಾದ ತುದಿಯನ್ನು ಮುರಿದು ಹೊಸ ಅಲಗು ಪಡೆಯುವ ಕಟ್ಟರನ್ನು 1956ರಲ್ಲಿ ರೂಪಿಸಿದ ಯೋಶಿಯೋ ಒಕಾಡಾ ಅವರದೇ ಕಂಪನಿ ಅದು.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಮಾತೊಂದಿದೆ: ಹೊಲಿಯಹೊರಟಿರುವುದಕ್ಕೆ ಇದು ಬೇಕೇ? ಧಾರವಾಡ, ವಿಜಯಪುರದ ಕಡೆ ಹಳೇ ಸೀರೆ, ಧೋತರ ಸೇರಿಸಿ ಹೊಲಿಯುವ ಕೌದಿಗೆ ಬೇಕಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಗಂತೂ ಬೇಡವೇ ಬೇಡ. ಅವರು ಅಂಚಿನಿಂದ ಶುರುಮಾಡಿ, ತುಂಡಿನ ಬದಿಯನ್ನು ಒಳಗೆ ಮಡಚಿ, ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ತುಂಡಿನ ಅಳತೆಯನ್ನು ಅಲ್ಲೇ ಕೈ ತೀರ್ಮಾನಿಸುತ್ತದೆ, ಆ ಕವಂದಿಯ ಚೆಲುವು ಇರುವುದೂ ಅದರಲ್ಲೇ. ಒಂದೇ ಅಳತೆಯ ನೂರಾರು ಚೌಕ, ಪಟ್ಟಿ, ತ್ರಿಕೋನ ಬೇಕಾದಾಗ ಮಾತ್ರ ರೋಟರಿ ಕಟ್ಟರಿಗೆ ಅರ್ಥ.

ಬ್ಲೇಡು 18, 28, 45, 60 ಮಿಲಿಮೀಟರ್ ಅಳತೆಗಳಲ್ಲಿ ಸಿಗುತ್ತದೆ. ಚಿಕ್ಕವು ತಿರುವುಗಳಿಗೆ, 60ರದು ದಪ್ಪ ಬಟ್ಟೆಗೆ, ಹೆಚ್ಚು ಪದರಗಳಿಗೆ. ಹೊಸಬರು 45ರದನ್ನೇ ಕೊಳ್ಳಲಿ. ಕಾಟನ್ ಬಟ್ಟೆಯ ನಾಲ್ಕು ಪದರವನ್ನು ಅದು ಸಲೀಸಾಗಿ ಕತ್ತರಿಸುತ್ತದೆ. ಅಳತೆಗಿಂತ ಮುಖ್ಯವಾದದ್ದು ಬ್ಲೇಡಿನ ಮುಚ್ಚಳ. ಕೆಲವದರಲ್ಲಿ ಅದನ್ನು ಬೆರಳಿನಿಂದ ತಳ್ಳಿ ಮುಚ್ಚಬೇಕು. ಇನ್ನು ಕೆಲವದರಲ್ಲಿ ಹಿಡಿಯನ್ನು ಅದುಮಿದಾಗ ಮಾತ್ರ ಬ್ಲೇಡು ಹೊರಬಂದು, ಬಿಟ್ಟಕೂಡಲೇ ಒಳಸೇರುತ್ತದೆ. ಮಕ್ಕಳಿರುವ ಮನೆಗೆ ಎರಡನೆಯದೇ ಸರಿ. ಎಡಗೈಯವರು ಬ್ಲೇಡನ್ನು ಇನ್ನೊಂದು ಬದಿಗೆ ಹಾಕಲು ಬರುತ್ತದೆಯೇ ಎಂದು ನೋಡಿಯೇ ಕೊಳ್ಳಬೇಕು.

ಜನ ದುಡ್ಡು ಉಳಿಸಲು ಹೋಗಿ ಕೆಡುವುದು ಮ್ಯಾಟು ಮತ್ತು ಸ್ಕೇಲಿನಲ್ಲಿ. ಕಟಿಂಗ್ ಮ್ಯಾಟ್ ಇಲ್ಲದೆ ಈ ಬ್ಲೇಡನ್ನು ಒಂದು ಸಲವೂ ಓಡಿಸಬಾರದು. ಗ್ರಾನೈಟಿನ ಮೇಲೆ ಓಡಿಸಿದರೆ ಅಲಗು ಅಲ್ಲೇ ಹಾಳು. ಸ್ಕೂಲು ಮಕ್ಕಳ ಪ್ಲಾಸ್ಟಿಕ್ ಸ್ಕೇಲು, ತೆಳು ಸ್ಟೀಲ್ ಸ್ಕೇಲು ಕೂಡ ಆಗದು. ಚಕ್ರ ತೆಳುವಾದ ಅಂಚನ್ನು ಹತ್ತಿ ನೇರ ಬೆರಳಿನ ಮೇಲೆ ಬರುತ್ತದೆ. ಸುಮಾರು 3 ಮಿಲಿಮೀಟರ್ ದಪ್ಪದ, 6 ಇಂಚು ಅಗಲ, 24 ಇಂಚು ಉದ್ದದ ಪಾರದರ್ಶಕ ಅಕ್ರಿಲಿಕ್ ಸ್ಕೇಲು ಬೇಕು. ಆ ಅಗಲದಿಂದಾಗಿ ಕೈ ಅಂಚಿನಿಂದ ದೂರ ಉಳಿಯುತ್ತದೆ.

ಕತ್ತರಿಸುವ ಜಾಗದ ಬಗ್ಗೆ ನಮ್ಮವರು ವಿಶೇಷವಾಗಿ ಯೋಚಿಸಬೇಕು. ನೆಲದ ಮೇಲೆ ಬಟ್ಟೆ ಹರಡಿ ಕೂತು ಕತ್ತರಿಸುವುದು ಎಷ್ಟೋ ಮನೆಗಳ ರೂಢಿ. ಕತ್ತರಿಗೆ ಅದು ಒಪ್ಪುತ್ತದೆ, ಈ ಚಕ್ರಕ್ಕಲ್ಲ. ಕೂತಾಗ ಮೊಣಕಾಲು, ಪಾದ ಅಲಗಿನ ದಾರಿಯಲ್ಲೇ ಇರುತ್ತವೆ, ಒತ್ತಡವೂ ಸಮನಾಗಿ ಬೀಳುವುದಿಲ್ಲ. ಬಿಟಿಎಂ ಲೇಔಟಿನ ಚಿಕ್ಕ ಫ್ಲ್ಯಾಟುಗಳಲ್ಲಿ ಬೇರೆ ಮೇಜಿಗೆ ಜಾಗವಿಲ್ಲದಿದ್ದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯೇ ಒಳ್ಳೆಯ ಕಟಿಂಗ್ ಟೇಬಲ್. ನಿಂತು ಕೆಲಸ ಮಾಡುವಷ್ಟು ಎತ್ತರವಿದೆ, ಸಮತಟ್ಟಾಗಿದೆ, 18 ಇಂಚು ಅಗಲದ ಮ್ಯಾಟು ಹಿಡಿಸುತ್ತದೆ. ಒಲೆಯ ಬಿಸಿ ಮಾತ್ರ ತಾಗಬಾರದು. ಬಿಸಿಗೆ ಒಮ್ಮೆ ಸೊಟ್ಟಗಾದ ಮ್ಯಾಟು ಮತ್ತೆ ನೆಟ್ಟಗಾಗುವುದು ಕಷ್ಟ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿಟ್ಟರೂ ಅದೇ ಗತಿ.

ಬಟ್ಟೆಯನ್ನು ಒಗೆದು, ತೆಳುವಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿಕೊಂಡರೆ ಅದು ಜಾರುವುದಿಲ್ಲ. ಸ್ಕೇಲಿನ ಮೇಲೆ ಬೆರಳುಗಳನ್ನು ಅಗಲಿಸಿ ಊರಿ, ಕಿರುಬೆರಳನ್ನು ಕತ್ತರಿಸದ ಬದಿಯಲ್ಲಿ ಸ್ಕೇಲಿನ ಹೊರಗೆ ಬಟ್ಟೆಯ ಮೇಲೆ ಒತ್ತಿಟ್ಟರೆ ಸ್ಕೇಲು ಅಲುಗದು. ಚಕ್ರವನ್ನು ಸ್ಕೇಲಿಗೆ ತಾಗಿಸಿ, ನೆಟ್ಟಗೆ ನಿಲ್ಲಿಸಿ, ಮೈಯಿಂದ ಆಚೆಗೇ ಉರುಳಿಸಬೇಕು. ತನ್ನ ಕಡೆಗೆ ಎಳೆದುಕೊಳ್ಳುವುದು ಎಂದಿಗೂ ಸಲ್ಲ. ಉದ್ದದ ಪಟ್ಟಿಯಾದರೆ ನಡುವೆ ಚಕ್ರವನ್ನು ಅಲ್ಲೇ ನಿಲ್ಲಿಸಿ, ಕೈಯನ್ನು ಮುಂದಕ್ಕೆ ಸರಿಸಿ, ಮತ್ತೆ ಹೊರಡಬೇಕು. ಕಟ್ಟರನ್ನು ಕೆಳಗಿಡುವ ಮುಂಚೆ ಮುಚ್ಚಳ ಹಾಕಿರಲೇಬೇಕು, ಮುಂದಿನ ಗೆರೆ ಎರಡು ಸೆಕೆಂಡಿನಲ್ಲೇ ಕತ್ತರಿಸುವುದಿದ್ದರೂ ಸರಿ. ಗಾರ್ಮೆಂಟ್ಸ್ ಕಾರ್ಖಾನೆಗಳ ಕಟಿಂಗ್ ವಿಭಾಗದಲ್ಲಿ ವಿದ್ಯುತ್ ಕಟ್ಟರ್ ನಡೆಸುವವರು ಬಟ್ಟೆ ಹಿಡಿಯುವ ಕೈಗೆ ಸಣ್ಣ ಸ್ಟೀಲ್ ಉಂಗುರಗಳನ್ನು ಹೆಣೆದ ಗ್ಲೌಸ್ ಹಾಕುತ್ತಾರೆ. ಮನೆಯಲ್ಲೂ ಸ್ಕೇಲು ಹಿಡಿಯುವ ಕೈಗೆ ಅಲಗು ತಡೆಯುವ ಗ್ಲೌಸ್ ಹಾಕಿಕೊಳ್ಳುವುದು ಅತಿಯಲ್ಲ.

ಚೂಪಾದ ಬ್ಲೇಡಿಗಿಂತ ಮೊಂಡು ಬ್ಲೇಡೇ ಅಪಾಯ, ಏಕೆಂದರೆ ಅದನ್ನು ಬಲ ಹಾಕಿ ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಗೆರೆಯುದ್ದಕ್ಕೂ ಅಲ್ಲಲ್ಲಿ ನೂಲು ಕತ್ತರಿಸದೆ ಉಳಿದರೆ ಬ್ಲೇಡು ಸವೆದಿದೆ. ಸರಿಯಾಗಿ 14 ಸೆಂಟಿಮೀಟರಿಗೊಮ್ಮೆ ಉಳಿದರೆ ಅಲಗಿನ ಒಂದೇ ಕಡೆ ಮುಕ್ಕಾಗಿದೆ: 45 ಮಿಲಿಮೀಟರ್ ಚಕ್ರ ಒಂದು ಸುತ್ತು ಬರುವುದು ಅಷ್ಟು ದೂರಕ್ಕೆ. ಗುಂಡುಸೂಜಿಯ ಮೇಲೆ ಹಾಯಿಸಿದ್ದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಬ್ಲೇಡ್ ಬದಲಿಸುವಾಗ ಬಿಚ್ಚಿದ ನಟ್, ವಾಷರ್‌ಗಳನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟುಕೊಂಡರೆ ಮತ್ತೆ ಜೋಡಿಸುವಾಗ ತಡಕಾಡಬೇಕಿಲ್ಲ.

ತೆಗೆದ ಬ್ಲೇಡನ್ನು ಹಾಗೇ ಕಸಕ್ಕೆ ಹಾಕುವುದು ಅನ್ಯಾಯ. ಬನಶಂಕರಿಯಾಗಲಿ ಜೆಪಿ ನಗರವಾಗಲಿ, ಮನೆಯ ಕಸವನ್ನು ಪೌರಕಾರ್ಮಿಕರು ಕೈಯಲ್ಲೇ ಬೇರ್ಪಡಿಸುತ್ತಾರೆ. ಹಳೇ ಬ್ಲೇಡುಗಳನ್ನು ರಟ್ಟಿನ ನಡುವೆ ಇಟ್ಟು ಟೇಪು ಸುತ್ತಿ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡಬೇಕು. ಡಬ್ಬಿ ತುಂಬಿದಾಗ ಮುಚ್ಚಳಕ್ಕೂ ಟೇಪು ಹಾಕಿ, ಮೇಲೆ ದೊಡ್ಡ ಅಕ್ಷರದಲ್ಲಿ ‘ಬ್ಲೇಡ್’ ಎಂದು ಬರೆದು, ಗಾಡಿಯವರಿಗೆ ಹೇಳಿ ಬೇರೆಯಾಗಿಯೇ ಕೊಡಬೇಕು.